ಯಂತ್ರದ ಜೀರ್ಣೋದ್ಧಾರ

ಒಂದು ವಸ್ತುವಿನ ಪ್ರಧಾನವಾದ ಅಂಗವನ್ನು ತೆಗೆದು ಅದರ ಸ್ಥಾನದಲ್ಲಿ ಬೇರೊಂದನ್ನು ಇರಿಸಿದಮೇಲೆ ಆ ವಸ್ತುವು ಮೊದಲಿನದಾಗಿಯೇ ಉಳಿಯುವುದೋ ಅಥವಾ ಬೇರೆಯದಾಗುವುದೋ ಎಂಬ ಪ್ರಶ್ನೆಯನ್ನು ತತ್ತ್ವಚಿಂತಕರು ಬಹು ಹಿಂದಿನಿಂದ ಕೇಳುತ್ತ ಬಂದಿದ್ದಾರೆ. ಇದು ಪಂಡಿತರು ಬಿಡುವಿನ ವೇಳೆಯಲ್ಲಿ ಮಾಡತಕ್ಕ ವಿನೋದವೆಂದು ಲೋಕವು ಇದನ್ನು ಪಕ್ಕಕ್ಕಿಡುವುದುಂಟು. ಆದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆಯ ಮೋಟಾರು ಷೆಡ್ಡುಗಳಲ್ಲಿ ಈ ಪ್ರಶ್ನೆಯು ಬಹು ಸ್ಥೂಲವಾದ ರೂಪವನ್ನು ತಾಳಿ ನಿಂತಿರುವುದನ್ನು ಯಾರು ಬೇಕಾದರೂ ಕಾಣಬಹುದು. ಅಲ್ಲಿ ಹಳೆಯ ಜೀಪೊಂದರ ಬಾನೆಟ್ಟು ತೆರೆದಿರುತ್ತದೆ. ಹುಟ್ಟಿನಿಂದ ಅದರೊಡನೆ ಬಂದ ಪೆಟ್ರೋಲ್ ಎಂಜಿನ್ನನ್ನು ಸರಪಣಿಯಿಂದೆತ್ತಿ ನೆಲಕ್ಕಿಳಿಸಿರುತ್ತಾರೆ. ಮತ್ತೊಂದು ಗಾಡಿಯ ಡೀಸೆಲ್ ಎಂಜಿನ್ನು ಅದರ ಸ್ಥಾನಕ್ಕೆ ಏರಲು ಕಾಯುತ್ತಿರುತ್ತದೆ. ಸಂಜೆಗೆ ಗಾಡಿ ಹೊರಟಾಗ ಮಾಲೀಕನು ಅದನ್ನು ‘ನಮ್ಮ ಹಳೆಯ ಜೀಪು’ ಎಂದೇ ಕರೆಯುತ್ತಾನೆ. ಅವನ ಮಾತು ನಿಜವೇ? ಅವನು ಮಾಡಿದ್ದು ಯೋಗ್ಯವೇ? ಈ ಎರಡು ಪ್ರಶ್ನೆಗಳೇ ಪ್ರಕೃತ ಲೇಖನದ ವಿಷಯ.

ಮೊದಲು ವಸ್ತುಸ್ಥಿತಿಯನ್ನು ತಿಳಿದುಕೊಳ್ಳುವುದು ಉಚಿತ. ಜೀಪು ಯುದ್ಧದ ಕೂಸು. ೧೯೪೧ರಿಂದ ೧೯೪೫ರ ವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಇಂತಹ ಗಾಡಿಗಳನ್ನು ಸೇನೆಗಾಗಿ ನಿರ್ಮಿಸಿದುವು. ಅದರ ಎಂಜಿನ್ನು ೨.೨ ಲೀಟರಿನದು, ಶಕ್ತಿ ೬೦ ಅಶ್ವಬಲ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಇದರ ಭಾಗಗಳನ್ನು ಹೊರಗಿನಿಂದ ತರಿಸಿ ಜೋಡಿಸತೊಡಗಿದರು. ಮುಂದೆ ಅದೇ ಅಚ್ಚಿನ ಗಾಡಿಗಳನ್ನು ಇಲ್ಲಿಯೇ ಮಾಡಿದರು. ಕಾಫಿತೋಟದ ಕೆಸರುದಾರಿಗೆ ಇದಕ್ಕಿಂತ ಒಪ್ಪುವ ವಾಹನ ಆ ಕಾಲದಲ್ಲಿ ಇರಲಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅದು ಗೊಬ್ಬರವನ್ನೂ ಹೊತ್ತಿದೆ, ಮದುವೆಯ ದಿಬ್ಬಣವನ್ನೂ ಹೊತ್ತಿದೆ, ನಡುರಾತ್ರಿಯಲ್ಲಿ ಗರ್ಭಿಣಿಯರನ್ನು ಆಸ್ಪತ್ರೆಗೆ ಮುಟ್ಟಿಸಿಯೂ ಇದೆ. ಹೀಗಿರುವಾಗ ಎಂಜಿನ್ನು ಸವೆದ ಮಾತ್ರಕ್ಕೆ ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದಿರುವುದು ಸಹಜ. ಪೆಟ್ರೋಲಿನ ಬೆಲೆಯೂ ಈ ವಾತ್ಸಲ್ಯಕ್ಕೆ ಬೆಂಬಲವಾಗಿ ನಿಂತು ಜನರನ್ನು ಡೀಸೆಲ್ ಎಂಜಿನ್ನಿನ ಕಡೆಗೆ ತಿರುಗಿಸಿತು.

ಹಾಗಾದರೆ ಎಂಜಿನ್ ಬದಲಾದ ಗಾಡಿಯು ಹಳೆಯದೇ? ಇದಕ್ಕೆ ನಮ್ಮ ಪರಂಪರೆಯಲ್ಲಿಯೇ ಎರಡು ಪ್ರಸಿದ್ಧವಾದ ಉತ್ತರಗಳಿವೆ. ಪಾಲಿ ಭಾಷೆಯ ‘ಮಿಲಿಂದಪಞ್ಹ’ವೆಂಬ ಗ್ರಂಥದಲ್ಲಿ ಯವನರಾಜನಾದ ಮಿಲಿಂದನಿಗೂ ನಾಗಸೇನನೆಂಬ ಬೌದ್ಧಭಿಕ್ಷುವಿಗೂ ನಡೆದ ಸಂವಾದವಿದೆ. ತಾನು ರಥದಲ್ಲಿ ಬಂದೆನೆಂದು ರಾಜನು ಹೇಳಲು, ಭಿಕ್ಷುವು ರಥವೆಂದರೆ ಯಾವುದು, ಇರುಸೇ, ಚಕ್ರವೇ, ನೊಗವೇ ಎಂದು ಒಂದೊಂದಾಗಿ ಕೇಳುತ್ತಾನೆ. ಯಾವ ಒಂದು ಭಾಗವೂ ರಥವಲ್ಲವೆಂದು ರಾಜನು ಒಪ್ಪಬೇಕಾಗುತ್ತದೆ. ಭಾಗಗಳು ಒಂದು ಕ್ರಮದಲ್ಲಿ ಕೂಡಿದಾಗ ನಾವು ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರೇ ರಥ. ಆ ಹೆಸರಿನ ಹಿಂದೆ ಪ್ರತ್ಯೇಕವಾದ ವಸ್ತುವೊಂದು ಅಡಗಿ ಕುಳಿತಿಲ್ಲ. ಈ ಮತವನ್ನು ಒಪ್ಪುವುದಾದರೆ, ಎಂಜಿನ್ನು ಬದಲಾದಾಗ ಕಳೆದುಹೋಗುವುದಕ್ಕೆ ‘ಜೀಪಿನ ಆತ್ಮ’ವೆಂಬುದೇ ಇರಲಿಲ್ಲವೆಂದು ಹೇಳಬೇಕಾಗುವುದು.

ಎರಡನೆಯ ಉತ್ತರವು ವೇತಾಳನ ಕಥೆಗಳಲ್ಲಿ ಬರುತ್ತದೆ. ಸೋಮದೇವನ ಕಥಾಸರಿತ್ಸಾಗರದಲ್ಲಿ ಸೇರಿರುವ ಆ ಕಥೆ ಬಹುಮಂದಿಗೆ ತಿಳಿದದ್ದೇ. ದೇವಿಯ ಗುಡಿಯಲ್ಲಿ ಗಂಡನೂ ಸೋದರನೂ ತಲೆಯನ್ನು ಕಡಿದುಕೊಂಡು ಬಿದ್ದಿರಲು, ಅವರನ್ನು ಬದುಕಿಸುವ ವರವನ್ನು ಪಡೆದ ಹೆಂಗಸು ಆತುರದಲ್ಲಿ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಸೇರಿಸಿಬಿಡುತ್ತಾಳೆ. ಇವರಲ್ಲಿ ಗಂಡನು ಯಾರು ಎಂದು ವೇತಾಳನು ಕೇಳಿದಾಗ, ಅಂಗಗಳಲ್ಲಿ ತಲೆಯೇ ಶ್ರೇಷ್ಠವಾದುದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ರಾಜನು ತೀರ್ಪು ಕೊಡುತ್ತಾನೆ. ಈ ನ್ಯಾಯವನ್ನು ಗಾಡಿಗೆ ಅನ್ವಯಿಸಿದರೆ ಎಂಜಿನ್ನೇ ಉತ್ತಮಾಂಗ. ಅದು ಹೋದ ಗಾಡಿಯು ಹಳೆಯ ಮುಂಡದ ಮೇಲೆ ಹೊಸ ತಲೆಯನ್ನು ಹೊತ್ತ ಬೇರೊಬ್ಬನು.

ಕುತೂಹಲದ ಸಂಗತಿಯೆಂದರೆ, ನಮ್ಮ ಸರ್ಕಾರದ ಕಾನೂನು ಈ ವಿಷಯದಲ್ಲಿ ರಾಜನ ತೀರ್ಪನ್ನು ತಲೆಕೆಳಗು ಮಾಡಿದೆ. ಪ್ರತಿ ಗಾಡಿಯ ಆರ್.ಸಿ. ಪುಸ್ತಕದಲ್ಲಿ ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ ಎಂದು ಎರಡು ಗುರುತುಗಳಿರುತ್ತವೆ. ನೋಂದಣಿ ಅಧಿಕಾರಿಯ ಅನುಮತಿಯಿಂದ ಎಂಜಿನ್ನು ಬದಲಾದರೆ ಎರಡನೆಯ ಸಂಖ್ಯೆಯನ್ನು ತಿದ್ದುತ್ತಾರೆ. ಗಾಡಿಯು ಅದೇ ಗಾಡಿಯಾಗಿ ಮುಂದುವರಿಯುತ್ತದೆ. ಕಾನೂನಿಗೆ ಮುಂಡವೇ ಮನುಷ್ಯ, ತಲೆ ಬದಲಾಯಿಸಬಹುದಾದ ಅಂಗ. ಇದರಲ್ಲಿ ನಗತಕ್ಕದ್ದೇನೂ ಇಲ್ಲ. ತೆರಿಗೆ ಹಾಕುವುದಕ್ಕೆ, ಕಳವಾದರೆ ಹುಡುಕುವುದಕ್ಕೆ, ಅಪಘಾತವಾದರೆ ಹೊಣೆಗಾರನನ್ನು ಹಿಡಿಯುವುದಕ್ಕೆ ಒಂದು ಸ್ಥಿರವಾದ ಗುರುತು ಬೇಕು. ಬಹುಕಾಲ ಬದಲಾಗದೆ ಉಳಿಯುವ ಚಾಸಿಯನ್ನು ಕಾನೂನು ಅದಕ್ಕಾಗಿ ಆರಿಸಿಕೊಂಡಿದೆ.

ನಾಲ್ಕನೆಯದಾಗಿ ಇಂಗ್ಲೆಂಡಿನ ನ್ಯಾಯಾಲಯದ ಒಂದು ತೀರ್ಪನ್ನೂ ಇಲ್ಲಿ ನೆನೆಯಬಹುದು. ೧೯೨೯ ಮತ್ತು ೧೯೩೦ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರಿನ ಮಾರಾಟದಲ್ಲಿ ವಿವಾದ ಹುಟ್ಟಿತು. ಆ ಕಾರನ್ನು ಕಾಲಕಾಲಕ್ಕೆ ಬಿಚ್ಚಿ ಕಟ್ಟಿದ್ದುದರಿಂದ, ಗೆದ್ದ ದಿನದ ಭಾಗಗಳು ಅದರಲ್ಲಿ ಅತ್ಯಲ್ಪವಾಗಿ ಉಳಿದಿದ್ದುವು. ಕೊಂಡವರು ಇದು ಆ ಕಾರೇ ಅಲ್ಲವೆಂದು ವಾದಿಸಿದರು. ೧೯೯೦ರಲ್ಲಿ ನ್ಯಾಯಾಧೀಶರು, ಭಾಗಗಳು ಹೋಗಿದ್ದರೂ ಅದರ ಚರಿತ್ರೆಯ ಸೂತ್ರ ಎಲ್ಲಿಯೂ ಕಡಿದಿಲ್ಲವಾದುದರಿಂದ ಆ ಹೆಸರು ಅದಕ್ಕೇ ಸಲ್ಲುವುದೆಂದು ತೀರ್ಮಾನಿಸಿದರು. ಇವರ ಮತದಂತೆ ಗಾಡಿಯ ತನ್ನತನವು ತಲೆಯಲ್ಲಿಯೂ ಇಲ್ಲ, ಮುಂಡದಲ್ಲಿಯೂ ಇಲ್ಲ. ಕಡಿಯದೆ ಬಂದ ಕಥೆಯಲ್ಲಿದೆ.

ಈ ನಾಲ್ಕು ಉತ್ತರಗಳಲ್ಲಿ ಯಾವುದು ಸತ್ಯವೆಂದು ಕೇಳಿದರೆ, ಒಂದೊಂದೂ ತನ್ನ ತನ್ನ ಪ್ರಯೋಜನದ ಮಟ್ಟಿಗೆ ಸತ್ಯವೆನ್ನಬೇಕು. ಭಿಕ್ಷುವಿನ ಉದ್ದೇಶ ಮಮಕಾರವನ್ನು ಸಡಿಲಿಸುವುದು, ರಾಜನದು ಸಂಬಂಧವನ್ನು ನಿರ್ಣಯಿಸುವುದು, ಕಾನೂನಿನದು ಹೊಣೆಯನ್ನು ಕಟ್ಟುವುದು, ನ್ಯಾಯಾಧೀಶರದು ಕೊಳು-ಕೊಡುಗೆಯಲ್ಲಿ ನ್ಯಾಯವನ್ನು ತೋರುವುದು. ಆದುದರಿಂದ ‘ಅದೇ ಗಾಡಿಯೋ ಅಲ್ಲವೋ’ ಎಂಬ ಪ್ರಶ್ನೆಯನ್ನು ಎಷ್ಟು ಮಥಿಸಿದರೂ ಒಂದೇ ಉತ್ತರ ಸಿಕ್ಕುವ ಸಂಭವವಿಲ್ಲ. ಬದಲಾಗಿ ‘ಬದಲಿಸಿದವನು ಯಾವುದಕ್ಕೆಲ್ಲ ಉತ್ತರ ಹೇಳಬೇಕು’ ಎಂದು ಕೇಳಿಕೊಂಡರೆ ಪ್ರಶ್ನೆಯು ಕೂಡಲೆ ನೆಲದ ಮೇಲೆ ನಿಲ್ಲುತ್ತದೆ. ನಾಲ್ಕು ಚಕ್ರಗಳಿಗೂ ಬಲ ಹರಿಯುವ ಗಾಡಿಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಅದಕ್ಕೆ ಕಾರಣವನ್ನು ನೋಡೋಣ.

ಸಾಮಾನ್ಯವಾದ ಕಾರಿನಲ್ಲಿ ಎಂಜಿನ್ನಿನ ಬಲವು ಗೇರ್‌ಬಾಕ್ಸನ್ನು ಹಾದು ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಜೀಪಿನಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಮತ್ತೊಂದು ಪೆಟ್ಟಿಗೆಯಿದೆ. ಅದು ಬಲವನ್ನು ಹಂಚಿ ಮುಂದಿನ ಇರುಸಿಗೂ ಹಿಂದಿನ ಇರುಸಿಗೂ ಕಳುಹಿಸುತ್ತದೆ. ಬೇಕಾದಾಗ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಒಂದನೆಯ ಗೇರು, ಟ್ರಾನ್ಸ್‌ಫರ್ ಕೇಸಿನ ತಗ್ಗು ಗೇರು, ಇರುಸಿನ ಹಲ್ಲುಚಕ್ರ ಈ ಮೂರೂ ಸೇರಿದಾಗ ಎಂಜಿನ್ನಿನ ತಿರುಗಿಸುವ ಬಲವು ಇರುಸಿಗೆ ಬರುವಷ್ಟರಲ್ಲಿ ಮೂವತ್ತು ಪಟ್ಟಿಗೂ ಮಿಕ್ಕಿ ಬೆಳೆದಿರುತ್ತದೆ. ಆದುದರಿಂದ ಎಂಜಿನ್ನಿನಲ್ಲಿ ಹೆಚ್ಚಿಸಿದ ಒಂದು ಪಾಲು ಬಲವು ಇರುಸಿನ ಮೇಲೆ ಮೂವತ್ತು ಪಾಲಿನ ಹೊರೆಯಾಗಿ ಬೀಳುತ್ತದೆ. ೬೦ ಅಶ್ವಬಲದ ಪೆಟ್ರೋಲ್ ಎಂಜಿನ್ನನ್ನು ಎಣಿಸಿ ಮಾಡಿದ ಇರುಸಿಗೆ ಭಾರವಾದ, ತಗ್ಗು ವೇಗದಲ್ಲಿಯೇ ಪ್ರಚಂಡ ಬಲವನ್ನು ಕೊಡುವ ಡೀಸೆಲ್ ಎಂಜಿನ್ನನ್ನು ಕಟ್ಟಿದರೆ, ಎಲ್ಲೋ ಒಂದು ಕಡೆ ಎಲ್ಲಕ್ಕಿಂತ ದುರ್ಬಲವಾದ ಹಲ್ಲು ಮುರಿಯಬೇಕಾದುದೇ. ಅದು ಮುರಿಯುವುದೂ ಸಮತಟ್ಟಾದ ರಸ್ತೆಯಲ್ಲಲ್ಲ, ಹೆಚ್ಚು ಬಲ ಬೇಕಾಗುವ ಕಡಿದಾದ ಏರಿನಲ್ಲಿ.

ಇಷ್ಟೇ ಅಲ್ಲ. ಡೀಸೆಲ್ ಎಂಜಿನ್ನು ಪೆಟ್ರೋಲಿನದಕ್ಕಿಂತ ನಿಧಾನವಾಗಿ ಸುತ್ತುತ್ತದೆ. ನಾಗರಿಕ ಜೀಪುಗಳ ಇರುಸಿನ ಹಲ್ಲುಗಳ ಅನುಪಾತ ಬಹುಮಟ್ಟಿಗೆ ೫.೩೮, ಅಂದರೆ ಚಕ್ರವು ಒಂದು ಸುತ್ತು ತಿರುಗಲು ಅದನ್ನು ತಿರುಗಿಸುವ ದಂಡವು ಐದಕ್ಕೂ ಮಿಕ್ಕಿ ಸುತ್ತು ತಿರುಗಬೇಕು. ವೇಗವಾಗಿ ಸುತ್ತುವ ಎಂಜಿನ್ನಿಗೆ ಒಪ್ಪಿದ ಈ ಲೆಕ್ಕ ನಿಧಾನದ ಎಂಜಿನ್ನಿಗೆ ಒಪ್ಪದು; ಗಾಡಿ ಇನ್ನೂ ಮೆಲ್ಲಗೆ ಓಡುತ್ತಿರುವಾಗಲೇ ಎಂಜಿನ್ನು ಅರಚತೊಡಗುತ್ತದೆ. ಭಾರ ಹೆಚ್ಚಿದುದರಿಂದ ಮುಂದಿನ ಕಮಾನುಪಟ್ಟಿ ಕುಸಿಯುತ್ತದೆ. ನಡುಕ ಹೆಚ್ಚಿದುದರಿಂದ ಚಾಸಿಯಲ್ಲಿ ಬಿರುಕು ಕಾಣಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸುವ ಅಂಗವು ಬದಲಾಯಿತೇ ಹೊರತು ನಿಲ್ಲಿಸುವ ಅಂಗವು, ಅಂದರೆ ಆ ಹಳೆಯ ಡ್ರಮ್ ಬ್ರೇಕು, ಇದ್ದಂತೆಯೇ ಇದೆ. ಹೀಗೆ ಎಂಜಿನ್ನನ್ನು ಬದಲಿಸಿದವನು ಒಂದು ಅಂಗವನ್ನು ಮಾತ್ರ ಬದಲಿಸಿದೆನೆಂದು ತಿಳಿಯುವುದು ಭ್ರಮೆ. ಅವನು ಎಲ್ಲ ಅಂಗಗಳ ಪರಸ್ಪರ ಸಂಬಂಧವನ್ನೂ ಬದಲಿಸಿದ್ದಾನೆ. ಕೈಯಿಂದ ಮುಟ್ಟದ ಭಾಗಗಳಿಗೂ ಅವನು ಹೊಣೆಗಾರನಾಗಿದ್ದಾನೆ.

ತಲೆ ಬದಲಾದ ಕಥೆಯನ್ನು ಗಿರೀಶ ಕಾರ್ನಾಡರು ೧೯೭೧ರಲ್ಲಿ ಪ್ರಕಟವಾದ ತಮ್ಮ ‘ಹಯವದನ’ ನಾಟಕಕ್ಕೆ ಬಳಸಿಕೊಂಡಿದ್ದಾರೆ. ಅಲ್ಲಿ ಕಾಲ ಕಳೆದಂತೆ ಮುಂಡವು ತಲೆಗೆ ಅನುಸಾರವಾಗಿ ಬದಲಾಗುತ್ತ ಹೋಗುತ್ತದೆ. ಜೀವಕ್ಕೆ ಈ ಗುಣವುಂಟು. ಉಕ್ಕಿಗೆ ಈ ದಾಕ್ಷಿಣ್ಯವಿಲ್ಲ. ಹೊಸ ಎಂಜಿನ್ನು ಬಂದಿದೆಯೆಂದು ಹಳೆಯ ಇರುಸು ದಪ್ಪವಾಗುವುದಿಲ್ಲ, ಬ್ರೇಕು ಹಿರಿದಾಗುವುದಿಲ್ಲ. ಜೀವದಲ್ಲಿ ಪ್ರಕೃತಿಯು ತಾನೇ ಮಾಡುವ ಹೊಂದಾಣಿಕೆಯನ್ನು ಯಂತ್ರದಲ್ಲಿ ಮನುಷ್ಯನು ಬುದ್ಧಿಪೂರ್ವಕವಾಗಿ ಮಾಡಬೇಕು. ಮಾಡದೆ ಬಿಟ್ಟರೆ ಆ ಲೋಪಕ್ಕೆ ದಂಡ ತೆರುವವರು ಬೇರೆಯವರಾಗಬಹುದು. ಮಡಿಕೇರಿಯ ಕಡೆಯಿಂದ ಮಾಂದಲಪಟ್ಟಿಯ ಏರಿಗೆ ಜೀಪಿನಲ್ಲಿ ಹೋಗುವ ಪ್ರವಾಸಿಗನು ಬಾನೆಟ್ಟಿನ ಕೆಳಗೆ ಏನಿದೆಯೆಂದು ಕೇಳುವುದಿಲ್ಲ. ಅವನು ಮಗುವನ್ನು ತೊಡೆಯಮೇಲೆ ಕೂರಿಸಿಕೊಂಡು ಕಣಿವೆಯನ್ನು ನೋಡುತ್ತಿರುತ್ತಾನೆ. ಆ ನಿಶ್ಚಿಂತೆಯು ತನ್ನ ಕೈಗೆ ಬಂದ ನ್ಯಾಸವೆಂದು ಗಾಡಿ ಕಟ್ಟಿದವನು ತಿಳಿಯಬೇಕು.

ಇಲ್ಲಿ ಕೆಲವರು, ಹಾಗಾದರೆ ಹಳೆಯ ಗಾಡಿಯನ್ನು ಮುಟ್ಟಲೇ ಬಾರದು, ನಿರ್ಮಾತೃವು ಕೊಟ್ಟಂತೆಯೇ ಇಡಬೇಕು ಎನ್ನುವರು. ಈ ಮತಕ್ಕೆ ಗೌರವ ಸಲ್ಲಬೇಕು. ಆದರೆ ಇದು ಪೂರ್ಣಸತ್ಯವಲ್ಲ. ನಿರ್ಮಾತೃಗಳೇ ತಮ್ಮ ಕೃತಿಯನ್ನು ಹಾಗೆ ಇಡಲಿಲ್ಲ. ವಿಲ್ಲೀಸ್ ಕಂಪೆನಿಯು ೧೯೫೩ರಲ್ಲಿ ಸಿಜೆ-೩ಬಿ ಎಂಬ ಜೀಪಿಗೆ ಹೆಚ್ಚು ಶಕ್ತಿಯ ಹೊಸ ಎಂಜಿನ್ನನ್ನು ಕೂರಿಸಿತು. ಅದು ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೇ ಎತ್ತರಿಸಬೇಕಾಯಿತು. ನಮ್ಮ ದೇಶದಲ್ಲಿ ದಶಕಗಳ ಕಾಲ ಓಡಾಡಿ, ಇಂದು ನಾವು ‘ಅಪ್ಪಟ ಹಳೆಯ ಜೀಪಿನ ಮುಖ’ವೆಂದು ಮೆಚ್ಚುವ ಆ ಎತ್ತರದ ಮುಖವು ಎಂಜಿನ್ ಬದಲಾವಣೆಯ ಫಲವೇ ಆಗಿದೆ. ಮಹೀಂದ್ರ ಸಂಸ್ಥೆಯೂ ಮುಂದೆ ಡೀಸೆಲ್ ಎಂಜಿನ್ನುಗಳನ್ನು ತಾನೇ ಅಳವಡಿಸಿತು. ೧೯೮೦ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ೨.೧ ಲೀಟರಿನ ಎಂಜಿನ್ನು ಅದರ ಜೀಪುಗಳಲ್ಲಿ ಬಂದಿತು.

ಜರ್ಮನಿಯ ಔಡಿ ಕಂಪೆನಿಯ ಕ್ವಾಟ್ರೊ ಎಂಬ ಕಾರಿನದೂ ಇದೇ ಕಥೆ. ನಾಲ್ಕು ಚಕ್ರಗಳ ಬಲವನ್ನು ಕೆಸರಿನ ಗಾಡಿಯಿಂದ ವೇಗದ ಕಾರಿಗೆ ತಂದು ಹೆಸರಾದ ಅದು ೧೯೮೦ರ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಆಗ ಅದರ ಐದು ಸಿಲಿಂಡರಿನ ಎಂಜಿನ್ನಿನಲ್ಲಿ ೧೦ ಕವಾಟಗಳಿದ್ದುವು. ೧೯೮೯ರಲ್ಲಿ ಕಂಪೆನಿಯೇ ೨೦ ಕವಾಟಗಳ ಎಂಜಿನ್ನನ್ನು ಕೊಟ್ಟಿತು. ಹಳೆಯ ಕ್ವಾಟ್ರೊಗೆ ೨೦ ಕವಾಟಗಳ ಎಂಜಿನ್ನನ್ನು ಕೂರಿಸುವ ಇಂದಿನ ಉತ್ಸಾಹಿಗಳು ನಿರ್ಮಾತೃವು ತುಳಿದ ದಾರಿಯಲ್ಲಿಯೇ ನಡೆಯುತ್ತಿದ್ದಾರೆ. ಆದರೆ ಅಂತಹ ಕಾರುಗಳು ೧೯೯೧ರ ವರೆಗೆ ತಯಾರಾದುದು ಹನ್ನೊಂದು ಸಾವಿರಕ್ಕೆ ಸ್ವಲ್ಪ ಮಿಕ್ಕಷ್ಟು ಮಾತ್ರ. ಹುಟ್ಟಿದಂತೆಯೇ ಉಳಿದು ಬಂದ ಕಾರೊಂದು ಕೈಗೆ ಸಿಕ್ಕರೆ ಅದನ್ನು ಬಿಚ್ಚುವ ಮುನ್ನ ಕೈ ತಡೆಯಬೇಕು. ಈಗಾಗಲೇ ಎಂಜಿನ್ನು ಹಾಳಾಗಿ ಮೂಲೆಗೆ ಬಿದ್ದಿದ್ದರೆ ಅದನ್ನು ಎಬ್ಬಿಸುವುದು ಪುಣ್ಯವೇ. ಎರಡಕ್ಕೂ ಒಂದೇ ನಿಯಮವನ್ನು ಹೇರುವುದು ಅವಿವೇಕ.

ಲ್ಯಾಂಡ್ ರೋವರಿನ ಹುಟ್ಟು ಈ ವಿಚಾರದಲ್ಲಿ ಇನ್ನೂ ಹೆಚ್ಚು ಬೋಧಪ್ರದವಾದುದು. ರೋವರ್ ಕಂಪೆನಿಯ ಮಾರಿಸ್ ವಿಲ್ಕ್ಸ್ ಎಂಬವರು ವೇಲ್ಸಿನ ಆಂಗಲ್ಸೀ ದ್ವೀಪದ ತಮ್ಮ ಹೊಲದಲ್ಲಿ ಯುದ್ಧಕಾಲದ ಜೀಪೊಂದನ್ನು ಬಳಸುತ್ತಿದ್ದರು. ೧೯೪೭ರಲ್ಲಿ ಜೀಪಿನ ಚಾಸಿಯ ಮೇಲೆ ರೋವರ್ ಕಾರಿನ ಎಂಜಿನ್ನನ್ನು ಕೂರಿಸಿ ಮೊದಲ ಮಾದರಿಯನ್ನು ಕಟ್ಟಿದರು. ಷೆಡ್ಡಿನಲ್ಲಿ ನಡೆಯುವ ಎಂಜಿನ್ ಬದಲಾವಣೆಗೂ ಇದಕ್ಕೂ ಆರಂಭದಲ್ಲಿ ಯಾವ ಭೇದವೂ ಇಲ್ಲ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಎಂಜಿನ್ನಿಗೆ ತಕ್ಕಂತೆ ಉಳಿದುದನ್ನೆಲ್ಲ ಮತ್ತೆ ಯೋಚಿಸಿ, ಚಾಸಿಯನ್ನೂ ತಾವೇ ಮಾಡಿ, ೧೯೪೮ರ ಏಪ್ರಿಲಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಲೋಕದ ಮುಂದಿಟ್ಟರು. ಮತ್ತೂ ಗಮನಿಸತಕ್ಕದ್ದೆಂದರೆ, ಅದನ್ನು ಅವರು ಜೀಪೆಂದು ಕರೆಯಲಿಲ್ಲ, ಬೇರೆಯ ಹೆಸರಿಟ್ಟರು. ಬದಲಾವಣೆಯು ನೀತಿಯುತವಾಗಲು ಬೇಕಾದ ಎರಡು ಗುಣಗಳೂ ಇಲ್ಲಿ ಒಟ್ಟಿಗೆ ಕಾಣುತ್ತವೆ: ಸಮಗ್ರವಾದ ಹೊಂದಾಣಿಕೆ ಒಂದು, ಮರೆಮಾಚದ ನಾಮಕರಣ ಇನ್ನೊಂದು.

ಈ ಎರಡನೆಯ ಗುಣವನ್ನು ಕುರಿತು ಸ್ವಲ್ಪ ವಿಸ್ತರಿಸಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಹೆಚ್ಚಾಗಿ ಲೋಪವಾಗುವುದು ಇಲ್ಲಿಯೇ. ‘ಗಾಡಿ ನನ್ನದು, ಹಣ ನನ್ನದು, ಯಾರಿಗೆ ಏಕೆ ಹೇಳಬೇಕು’ ಎಂಬ ವಾದ ಬಹು ಸಾಮಾನ್ಯ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ನಿರ್ಮಾತೃವು ನಮೂದಿಸಿದ ವಿವರಗಳಿಗೆ ವ್ಯತ್ಯಸ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ; ಮಾರ್ಪಾಡಾದರೆ ೧೪ ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಪುಸ್ತಕದಲ್ಲಿ ಬರೆಯಿಸಬೇಕೆಂದು ವಿಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಕಾನೂನಿನ ಭಯದಿಂದ ಹೇಳುವ ಸತ್ಯ ಅರ್ಧಸತ್ಯವಷ್ಟೆ. ಗಾಡಿಯು ಒಬ್ಬನ ಕೈಯಲ್ಲಿಯೇ ಸಾಯುವುದಿಲ್ಲ. ಇಂದು ತಂದೆಯು ಬದಲಿಸಿದುದನ್ನು ನಾಳೆ ಮಗನು ಮಾರುತ್ತಾನೆ. ಕೊಂಡವನು ಅದನ್ನು ನಂಬಿ ಘಟ್ಟವನ್ನಿಳಿಯುತ್ತಾನೆ. ಕ್ಲಚ್ಚು ಯಾವ ಗಾಡಿಯದು, ಗೇರ್‌ಬಾಕ್ಸನ್ನು ಕೂಡಿಸಿದ ತಟ್ಟೆಯನ್ನು ಎಲ್ಲಿ ಕೊರೆಯಿಸಿದರು, ಚಾಸಿಯನ್ನು ಎಲ್ಲಿ ಕತ್ತರಿಸಿ ಬೆಸೆದರು ಎಂಬುದು ಮಾಡಿದವನಿಗೆ ಮಾತ್ರ ತಿಳಿದಿದ್ದು ಅವನೊಡನೆಯೇ ಹೋಗಿಬಿಟ್ಟರೆ, ಮುಂದೆ ದುರಸ್ತಿ ಮಾಡುವವನು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ಬೆಂಟ್ಲಿ ಕಾರನ್ನು ಉಳಿಸಿದ್ದು ಅದರ ಚರಿತ್ರೆ. ಆ ಚರಿತ್ರೆಯನ್ನು ಬರೆದಿಟ್ಟವರು ಇಲ್ಲದಿದ್ದರೆ ನ್ಯಾಯಾಧೀಶರಿಗೆ ಹಿಡಿಯುವುದಕ್ಕೆ ಸೂತ್ರವೇ ಇರುತ್ತಿರಲಿಲ್ಲ.

ಆದುದರಿಂದ ಎಂಜಿನ್ನನ್ನು ಬದಲಿಸತಕ್ಕವರಿಗೆ ಮೂರು ಮಾತುಗಳನ್ನು ಸೂಚಿಸಬಹುದು. ಹಿಂದಕ್ಕೆ ತಿರುಗಿಸಲಾಗದ ಕೆಲಸವನ್ನು ಆದಷ್ಟು ಮಾಡಬಾರದು: ಚಾಸಿಯನ್ನು ಕತ್ತರಿಸದೆ ಕೆಲಸವಾಗುವುದಾದರೆ ಕತ್ತರಿಸಬಾರದು, ತೆಗೆದ ಎಂಜಿನ್ನನ್ನು ಗುಜರಿಗೆ ಹಾಕದೆ ಎಣ್ಣೆ ಬಳಿದು ಒಣಗಿದ ಜಾಗದಲ್ಲಿಡಬೇಕು. ಬಲವನ್ನು ಹೆಚ್ಚಿಸುವ ಮೊದಲು ತಡೆಯನ್ನು ಹೆಚ್ಚಿಸಬೇಕು: ಮೊದಲು ಬ್ರೇಕು, ಬಳಿಕ ಇರುಸು, ಕಡೆಯಲ್ಲಿ ಎಂಜಿನ್ನು. ಮಾಡಿದುದನ್ನೆಲ್ಲ ಬರೆದು ಗಾಡಿಯೊಡನೆ ಇಡಬೇಕು. ಸರ್ಕಾರದ ಪುಸ್ತಕದಲ್ಲಿಯೂ ಬರೆಯಿಸಬೇಕು. ಕಾನೂನು ಒಪ್ಪದ ಬದಲಾವಣೆಯಾದರೆ ಆ ಗಾಡಿಯನ್ನು ರಸ್ತೆಗೆ ತರಬಾರದು.

ಪುರಿಯ ಜಗನ್ನಾಥ ದೇವಾಲಯದಲ್ಲಿ ನವಕಳೇಬರವೆಂಬ ವಿಧಿಯುಂಟು. ಕೆಲವು ವರ್ಷಗಳಿಗೊಮ್ಮೆ ದಾರುಮೂರ್ತಿಗಳನ್ನು ಹೊಸದಾಗಿ ಮಾಡಿ, ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಸಾಗಿಸುತ್ತಾರೆ. ೧೯೯೬ರಲ್ಲಿಯೂ ೨೦೧೫ರಲ್ಲಿಯೂ ಅದು ನಡೆಯಿತು. ಅಲ್ಲಿ ಒಳಗಿನದು ಉಳಿದು ಹೊರಗಿನದು ಬದಲಾಗುತ್ತದೆ. ಗಾಡಿಯಲ್ಲಿ ಹೊರಗಿನದು ಉಳಿದು ಒಳಗಿನದು ಬದಲಾಗುತ್ತದೆ. ದೇವತಾಕಾರ್ಯಕ್ಕೂ ಲೋಹದ ಕೆಲಸಕ್ಕೂ ಸಾಮ್ಯವನ್ನು ಎಳೆದು ತರುವುದು ನಮ್ಮ ಉದ್ದೇಶವಲ್ಲ. ಆದರೆ ತೆಗೆದ ಹಳೆಯ ಮೂರ್ತಿಗಳನ್ನು ಅಲ್ಲಿ ಬಿಸಾಡುವುದಿಲ್ಲ. ವಿಧಿಪೂರ್ವಕವಾಗಿ ಸಮಾಧಿ ಮಾಡುತ್ತಾರೆ. ಜೀರ್ಣವಾದುದನ್ನು ಬದಲಿಸುವುದಕ್ಕೆ ನಮ್ಮ ಹಿರಿಯರು ಹಿಂಜರಿಯಲಿಲ್ಲ. ಬದಲಿಸುವ ಕ್ರಮವನ್ನು ಮಾತ್ರ ಸಡಿಲಬಿಡಲಿಲ್ಲ. ನಮ್ಮ ಯಂತ್ರಗಳ ವಿಷಯದಲ್ಲಿಯೂ ಆ ಎಚ್ಚರವು ಸಲ್ಲುತ್ತದೆ.

ಈಚೆಗೆ ಇಂಗ್ಲೆಂಡಿನಲ್ಲಿ ಹಳೆಯ ಲ್ಯಾಂಡ್ ರೋವರುಗಳಿಂದ ಎಂಜಿನ್ನನ್ನು ತೆಗೆದು ವಿದ್ಯುತ್ ಮೋಟಾರನ್ನು ಕೂರಿಸುವ ಕಾರ್ಖಾನೆಗಳೂ ಇವೆ. ಆಗ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಗಾಡಿಯನ್ನು ಕಿವಿಯಿಂದ ಗುರುತಿಸುತ್ತಿದ್ದ ಮನೆಯವರಿಗೆ ಅದು ಬಂದುದೇ ತಿಳಿಯದು. ಆ ಮಾರ್ಪಾಡಿನಲ್ಲಿಯೂ ಗಾಡಿಯು ಅದೇ ಹೌದೋ ಅಲ್ಲವೋ ಎಂದು ಜನ ವಾದಿಸುವರು, ವಾದ ಮುಗಿಯದು. ಆದರೆ ವಿದ್ಯುತ್ ಮೋಟಾರಿನ ಬಲಕ್ಕೆ ಇರುಸು ತಡೆಯುವುದೇ, ಬ್ಯಾಟರಿಯ ಭಾರಕ್ಕೆ ಬ್ರೇಕು ಸಾಕೇ, ಕೊಳ್ಳುವವನಿಗೆ ಎಲ್ಲವನ್ನೂ ಹೇಳಿದೆಯೇ ಎಂಬ ಪ್ರಶ್ನೆಗಳು ಅಲ್ಲಿಯೂ ಹೀಗೆಯೇ ಇರುವುವು. ಅವುಗಳಿಗೆ ನಿಶ್ಚಿತವಾದ ಉತ್ತರವುಂಟು. ಉತ್ತರ ಹೇಳಬೇಕಾದವನೂ ನಿಶ್ಚಿತನಾಗಿ ಇದ್ದಾನೆ. ಅವನು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮುಂಚೆಯೇ ಇವನ್ನು ತನಗೆ ತಾನು ಕೇಳಿಕೊಳ್ಳುವುದು ಮೇಲು.